ರೋಗಶಯ್ಯೆಯೂ ಕನ್ನಡದ ಸೇವೆಯೂ: ಮೋಗ್ಲಿಂಗ್, ವೈಗ್ಲೆ ಮತ್ತು ಅವರ ಬಳಗ

೧

ಹತ್ತೊಂಬತ್ತನೆಯ ಶತಮಾನದ ಕನ್ನಡ ವಾಙ್ಮಯದ ಚರಿತ್ರೆಯನ್ನು ಬರೆದವರೆಲ್ಲರೂ ಬಾಸೆಲ್ ಮಿಶನ್ನಿನ ಪಂಡಿತರನ್ನು ಸ್ಮರಿಸಿದ್ದಾರೆ. ೧೮೪೩ನೆಯ ಇಸವಿಯ ಜುಲೈ ೧ರಂದು ಹೊರಟ ‘ಮಂಗಳೂರ ಸಮಾಚಾರ’, ೧೮೪೮ರಿಂದ ೧೮೫೩ರ ವರೆಗೆ ಕಲ್ಲಚ್ಚಿನಲ್ಲಿ ಬೆಳಕು ಕಂಡ ‘ಬಿಬ್ಲಿಯೋಥೆಕಾ ಕರ್ನಾಟಿಕಾ’ ಎಂಬ ಗ್ರಂಥಮಾಲೆ, ೧೮೯೪ರಲ್ಲಿ ಮುಗಿದ ಕಿಟ್ಟೆಲರ ನಿಘಂಟು, ಇವು ಕನ್ನಡ ವಿದ್ಯಾರ್ಥಿಗಳೆಲ್ಲರಿಗೂ ಪರಿಚಿತವಾದ ಸಂಗತಿಗಳು. ಈ ಗ್ರಂಥಗಳು ಯಾವ ವರ್ಷದಲ್ಲಿ, ಯಾವ ಮುದ್ರಣಾಲಯದಲ್ಲಿ, ಯಾರ ಸಂಪಾದಕತ್ವದಲ್ಲಿ ಹೊರಬಂದುವೆಂಬುದನ್ನು ನಮ್ಮ ಚರಿತ್ರಕಾರರು ಶ್ರಮಪಟ್ಟು ಗೊತ್ತುಮಾಡಿದ್ದಾರೆ. ಆದರೆ ಅವುಗಳನ್ನು ಸಿದ್ಧಪಡಿಸಿದವರ ದೇಹಸ್ಥಿತಿ ಎಂತಹುದಾಗಿದ್ದಿತು ಎಂಬ ಪ್ರಶ್ನೆಯನ್ನು ಎತ್ತಿದವರು ವಿರಳ.

ಈ ಪ್ರಶ್ನೆ ಕೇವಲ ಜೀವನಚರಿತ್ರೆಗೆ ಸೇರಿದ್ದೆಂದು ತೋರಬಹುದು. ವಾಸ್ತವವಾಗಿ ಹಾಗಲ್ಲ. ಮಂಗಳೂರಿನ ಆ ಬಳಗದ ಕೆಲಸದಲ್ಲಿ ಕಾಣುವ ಮುಖ್ಯವಾದ ತಿರುವುಗಳನ್ನು ಒಂದೊಂದಾಗಿ ನೋಡಿದರೆ, ಹೆಚ್ಚಿನವುಗಳ ಹಿಂದೆ ಒಂದು ಕಾಯಿಲೆಯೋ ಒಂದು ಮರಣವೋ ಇರುವುದು ಕಂಡುಬರುತ್ತದೆ. ಮಿಶನ್ನು ನೀಲಗಿರಿಯಲ್ಲಿ ನೆಲೆಯೂರಿದುದಕ್ಕೆ ಒಬ್ಬರ ಅಸ್ವಾಸ್ಥ್ಯ ಕಾರಣ. ಕೊಡಗಿಗೆ ಹೋದುದು ಇನ್ನೊಬ್ಬರು ಅಸ್ವಸ್ಥತೆಯಿಂದ ಸ್ವದೇಶಕ್ಕೆ ಹೊರಟು ನಿಂತಿದ್ದ ವೇಳೆಯಲ್ಲಿ. ದಾಸರ ಪದಗಳು ಜರ್ಮನ್ ವಿದ್ವಾಂಸರ ಪತ್ರಿಕೆಯನ್ನು ಸೇರಿದುದು ಪತ್ನಿಯ ಕಾಯಿಲೆಗಾಗಿ ಊರಿಗೆ ಮರಳಿದ ಪಂಡಿತನ ಲೇಖನಿಯಿಂದ. ರೋಗವು ಕೆಲಸವನ್ನು ನಿಲ್ಲಿಸಬೇಕಾಗಿದ್ದ ಕಡೆಯಲ್ಲಿ ಅದು ಬೇರೆ ದಾರಿಯನ್ನು ಹಿಡಿದು ಮುಂದುವರಿಯಿತು. ಹಾಗೆ ಮುಂದುವರಿಯುವುದಕ್ಕೆ ಆಧಾರವಾಗಿದ್ದುದು ಅವರ ಕ್ರಿಸ್ತವಿಶ್ವಾಸ. ಈ ಸಂಬಂಧವನ್ನು, ಮುಖ್ಯವಾಗಿ ಹರ್ಮನ್ ಮೋಗ್ಲಿಂಗ್ ಮತ್ತು ಗಾಟ್‌ಫ್ರೀಡ್ ವೈಗ್ಲೆ ಇವರಿಬ್ಬರ ಉದಾಹರಣೆಯಿಂದ, ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

೨

ಮೊದಲು ಆಕರಗಳ ವಿಚಾರವಾಗಿ ಒಂದು ಮಾತು ಅವಶ್ಯಕ. ಮಿಶನರಿಗಳ ಕಾಯಿಲೆಯ ವೃತ್ತಾಂತಗಳು ನಮಗೆ ದೊರೆಯುವುದು ಬಹುಮಟ್ಟಿಗೆ ಬಾಸೆಲಿಗೆ ಹೋದ ಪತ್ರಗಳಿಂದ, ವಾರ್ಷಿಕ ವರದಿಗಳಿಂದ ಮತ್ತು ಮಿಶನ್ನಿನ ಪತ್ರಿಕೆಗಳಿಂದ. ಈ ಬರಹಗಳ ಓದುಗರು ಧನಸಹಾಯಮಾಡುತ್ತಿದ್ದ ಭಕ್ತಜನರು. ಆದುದರಿಂದ ರೋಗಿಯು ತಾಳ್ಮೆಯಿಂದ ನರಳಿದುದು, ಪ್ರಾರ್ಥನೆಯಿಂದ ಶಾಂತಿ ಪಡೆದುದು, ಮರಣಕಾಲದಲ್ಲಿ ಸಾಕ್ಷಿ ನುಡಿದುದು ಮುಂತಾದುವು ಅವುಗಳಲ್ಲಿ ಒಂದು ಗೊತ್ತಾದ ಕ್ರಮದಲ್ಲಿ ಬರುತ್ತವೆ. ನಮ್ಮ ಶರಣಚರಿತ್ರೆಗಳಲ್ಲಿಯೂ ಜೈನ ನಿಸಿದಿ ಶಾಸನಗಳಲ್ಲಿಯೂ ಅಂತ್ಯಕಾಲದ ವರ್ಣನೆಗೆ ಒಂದು ಕಟ್ಟು ಇರುವಂತೆಯೇ ಇಲ್ಲಿಯೂ ಇದೆ. ಅದು ಸುಳ್ಳೆಂದು ತಳ್ಳಿಹಾಕುವುದು ಹೇಗೆ ತಪ್ಪೋ, ಅಕ್ಷರಶಃ ಸತ್ಯವೆಂದು ಸ್ವೀಕರಿಸುವುದೂ ಹಾಗೆಯೇ ತಪ್ಪು.

ಇಂತಹ ಸಂದರ್ಭದಲ್ಲಿ ಚರಿತ್ರಕಾರನು ನೆಚ್ಚಬಹುದಾದ ಮಾರ್ಗವೊಂದಿದೆ. ಕಾಯಿಲೆಯ ಕಾಲವನ್ನು ಒಂದು ಕಡೆಗೂ, ಅದರ ತರುವಾಯದ ಕೃತಿಗಳ ಮತ್ತು ಸಂಸ್ಥೆಗಳ ಕಾಲವನ್ನು ಇನ್ನೊಂದು ಕಡೆಗೂ ಇಟ್ಟು ಹೋಲಿಸುವುದೇ ಆ ಮಾರ್ಗ. ವ್ಯಕ್ತಿಯು ಹಾಸಿಗೆಯಲ್ಲಿ ಏನು ನುಡಿದನೆಂಬುದು ಕೇಳಿದವರ ನೆನಪಿಗೆ ಸೇರಿದ್ದು. ಎದ್ದ ಮೇಲೆ ಏನು ಮಾಡಿದನೆಂಬುದಕ್ಕೆ ಮುದ್ರಿತ ಗ್ರಂಥಗಳೇ ಸಾಕ್ಷಿ. ಇಲ್ಲಿ ಎರಡನೆಯ ಬಗೆಯ ಸಾಕ್ಷ್ಯಕ್ಕೇ ಪ್ರಾಧಾನ್ಯವನ್ನು ಕೊಡಲಾಗಿದೆ.

೩

ಬಾಸೆಲ್ ಮಿಶನ್ನು ೧೮೧೫ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಸ್ಥಾಪಿತವಾಯಿತು. ಈಸ್ಟ್ ಇಂಡಿಯಾ ಕಂಪೆನಿಯ ೧೮೩೩ರ ಸನ್ನದು ಇತರ ದೇಶಗಳ ಮಿಶನರಿಗಳಿಗೂ ಭರತಖಂಡದ ಬಾಗಿಲನ್ನು ತೆರೆದ ಮೇಲೆ ಹೇಬಿಕ್, ಲೇನರ್, ಗ್ರೈನರ್ ಎಂಬ ಮೂವರು ೧೮೩೪ರ ಅಕ್ಟೋಬರ್ ತಿಂಗಳಲ್ಲಿ ಕಲ್ಲಿಕೋಟೆಯಲ್ಲಿ ಇಳಿದು, ಅದೇ ತಿಂಗಳ ಕೊನೆಯಲ್ಲಿ ಮಂಗಳೂರನ್ನು ಸೇರಿದರು. ೧೮೩೭ರಲ್ಲಿ ಧಾರವಾಡ, ೧೮೩೯ರಲ್ಲಿ ಹುಬ್ಬಳ್ಳಿ, ೧೮೪೧ರಲ್ಲಿ ಬೆಟಗೇರಿ, ೧೮೫೧ರಲ್ಲಿ ಗುಳೇದಗುಡ್ಡ, ಹೀಗೆ ಘಟ್ಟದ ಮೇಲಣ ಬಯಲುಸೀಮೆಯಲ್ಲಿಯೂ ಅವರ ಠಾಣ್ಯಗಳು ಏರ್ಪಟ್ಟುವು.

ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಯ ತಂಪಿನಲ್ಲಿ ಬೆಳೆದ ಈ ಯುವಕರಿಗೆ ಕರಾವಳಿಯ ಮಳೆ, ಸೆಕೆ ಮತ್ತು ಜ್ವರಗಳು ಬಹು ಕಠಿನವಾಗಿದ್ದುವು. ಆ ಕಾಲದ ವೈದ್ಯಶಾಸ್ತ್ರದ ಸ್ಥಿತಿಯನ್ನೂ ನೆನೆಯಬೇಕು. ಮಲೇರಿಯಾ ಜ್ವರವನ್ನುಂಟುಮಾಡುವ ಜೀವಾಣುವನ್ನು ಲಾವೆರಾನ್ ಕಂಡುದು ೧೮೮೦ರಲ್ಲಿ. ಸೊಳ್ಳೆಯ ಹೊಟ್ಟೆಯಲ್ಲಿ ಅದನ್ನು ರೊನಾಲ್ಡ್ ರಾಸ್ ಗುರುತಿಸಿದುದು ೧೮೯೭ರ ಆಗಸ್ಟ್ ತಿಂಗಳಲ್ಲಿ, ಅಂದು ನಿಜಾಮರ ಆಳ್ವಿಕೆಗೆ ಸೇರಿದ್ದ ಸಿಕಂದರಾಬಾದಿನಲ್ಲಿ. ೧೮೪೦ರ ದಶಕದ ವೈದ್ಯರು ಜ್ವರಕ್ಕೆ ಜೌಗುನೆಲದಿಂದ ಏಳುವ ದುಷ್ಟವಾಯುವೇ ಕಾರಣವೆಂದು ನಂಬಿದ್ದರು. ಕೊಯಿನಾದ ಬಳಕೆ ಇದ್ದರೂ ಅದರ ಪ್ರಮಾಣ ನಿಶ್ಚಿತವಾಗಿರಲಿಲ್ಲ. ಶುದ್ಧವಲ್ಲದ ನೀರಿನಿಂದ ಬರುವ ಆಮಶಂಕೆ, ವಾಂತಿಭೇದಿಗಳ ನಿಜವಾದ ಕಾರಣವೂ ತಿಳಿದಿರಲಿಲ್ಲ. ವೈದ್ಯರು ಕೊಡಬಲ್ಲ ಸಲಹೆಗಳು ಮುಖ್ಯವಾಗಿ ಎರಡು: ಬೆಟ್ಟಕ್ಕೆ ಹೋಗುವುದು, ಇಲ್ಲವೇ ಯುರೋಪಿಗೆ ಹಡಗು ಹತ್ತುವುದು.

ಹಡಗಿನ ಪ್ರಯಾಣ ತಿಂಗಳುಗಟ್ಟಲೆ ಹಿಡಿಯುತ್ತಿದ್ದಿತು. ಕಾಯಿಲೆಯಿಂದ ಊರಿಗೆ ಮರಳಿದವರಲ್ಲಿ ಮತ್ತೆ ಬಾರದೆ ಉಳಿದವರು ಅನೇಕರು. ಆದುದರಿಂದ ವೈದ್ಯನು ಸ್ವದೇಶಗಮನವನ್ನು ಸೂಚಿಸಿದನೆಂದರೆ, ಕಲಿತ ಭಾಷೆ, ಕಟ್ಟಿದ ಶಾಲೆ, ಅರ್ಧ ಬರೆದ ಗ್ರಂಥ ಎಲ್ಲವನ್ನೂ ಬಿಟ್ಟು ಹೋಗುವುದೆಂದೇ ಬಹುಮಟ್ಟಿಗೆ ಅರ್ಥ. ಈ ಬಳಗದವರ ರೋಗಶಯ್ಯೆಯಲ್ಲಿ ನಿಜವಾಗಿ ಪಣವಾಗಿದ್ದುದು ಪ್ರಾಣದಷ್ಟೇ ಈ ಉದ್ಯೋಗವೂ ಆಗಿದ್ದಿತು.

೪

ಗಾಟ್‌ಫ್ರೀಡ್ ವೈಗ್ಲೆ ಅವರು ೧೮೧೬ರಲ್ಲಿ ಹುಟ್ಟಿದವರು. ೧೮೪೦ರಲ್ಲಿ ಮಂಗಳೂರಿಗೆ ಬಂದರು. ಭಾಷಾಜ್ಞಾನದಲ್ಲಿ ಆ ಬಳಗದಲ್ಲಿ ಅವರಿಗೆ ಸಮನಾದವರು ಕಡಮೆ. ಆದರೆ ಕರಾವಳಿಯ ಹವೆ ಅವರ ಶರೀರಕ್ಕೆ ಒಗ್ಗಲಿಲ್ಲ. ಬಂದ ಕೆಲವೇ ವರ್ಷಗಳಲ್ಲಿ ಆರೋಗ್ಯ ಕೆಟ್ಟು, ೧೮೪೦ರ ದಶಕದ ನಡುವಿನಲ್ಲಿ ಅವರು ನೀಲಗಿರಿಯ ಬೆಟ್ಟವನ್ನು ಆಶ್ರಯಿಸಬೇಕಾಯಿತು.

ನೀಲಗಿರಿಯಲ್ಲಿ, ಉದಕಮಂಡಲಕ್ಕೆ ಸಮೀಪವಾದ ಕೇತಿ ಎಂಬ ಕಣಿವೆಯಲ್ಲಿ, ಕ್ಯಾಸಮೇಜರ್ ಎಂಬ ಆಂಗ್ಲ ಅಧಿಕಾರಿಯ ಮನೆಯಿದ್ದಿತು. ಇವರು ಮದರಾಸು ಸರಕಾರದ ಸೇವೆಯಲ್ಲಿ ನ್ಯಾಯಾಧೀಶರಾಗಿದ್ದು ನಿವೃತ್ತರಾದವರು, ಭಕ್ತಿವಂತರು, ಸುತ್ತಲಿನ ಬಡಗರ ಮಕ್ಕಳಿಗೆ ವಿದ್ಯೆ ಕಲಿಸಬೇಕೆಂಬ ಆಸೆಯುಳ್ಳವರು. ವೈಗ್ಲೆಯವರು ಆರೋಗ್ಯಲಾಭಕ್ಕಾಗಿ ಬಂದು ನಿಂತುದು ಇವರ ಆಶ್ರಯದಲ್ಲಿ. ಬಡಗರ ನುಡಿ ಕನ್ನಡಕ್ಕೆ ಬಹು ನಿಕಟವಾದದ್ದು; ಕನ್ನಡದ ಪ್ರಾಚೀನ ರೂಪಗಳಲ್ಲಿ ಕೆಲವನ್ನು ಉಳಿಸಿಕೊಂಡಿರುವುದರಿಂದ ಭಾಷಾಶಾಸ್ತ್ರಜ್ಞರಿಗೆ ಅದು ಇಂದಿಗೂ ಅಮೂಲ್ಯವಾದದ್ದು. ಹವೆಯ ಬದಲಾವಣೆಗೆಂದು ಬಂದ ರೋಗಿಗೆ ಮನೆಯ ಬಾಗಿಲಲ್ಲಿಯೇ ತನ್ನ ಭಾಷೆಯ ಇನ್ನೊಂದು ಮುಖ ಕಾಣಸಿಕ್ಕಿತು. ಬಾಸೆಲ್ ಮಿಶನ್ನಿನ ನೀಲಗಿರಿ ಠಾಣ್ಯಕ್ಕೆ ಇದೇ ಬುನಾದಿಯಾಯಿತು. ಮಂಗಳೂರಿನವರು ಮುಂದೆ ತಮ್ಮ ರೋಗಿಗಳನ್ನು ಕಳುಹಿಸುವುದಕ್ಕೆ ಕೇತಿಯೇ ಒಂದು ತಂಗುದಾಣವಾಯಿತು.

ಇಲ್ಲಿ ಎರಡು ಕಾಲಸೂಚನೆಗಳನ್ನು ಗಮನಿಸಬೇಕು. ಜರ್ಮನ್ ಪೌರಸ್ತ್ಯ ವಿದ್ವಾಂಸರ ಪತ್ರಿಕೆಯ ಎರಡನೆಯ ಸಂಪುಟದಲ್ಲಿ, ೧೮೪೮ರಲ್ಲಿ, ಕನ್ನಡ ಭಾಷೆ ಮತ್ತು ಸಾಹಿತ್ಯವನ್ನು ಕುರಿತ ವೈಗ್ಲೆಯವರ ಪ್ರಬಂಧ ಪ್ರಕಟವಾಯಿತು. ಯುರೋಪಿನ ವಿದ್ವತ್ಪತ್ರಿಕೆಯಲ್ಲಿ ಕನ್ನಡ ಸಾಹಿತ್ಯದ ಸ್ವರೂಪವನ್ನು ವಿವರಿಸಿದ ಮೊದಮೊದಲಿನ ಬರಹಗಳಲ್ಲಿ ಇದೊಂದು. ಅದೇ ೧೮೪೮ರಲ್ಲಿ ಮಂಗಳೂರಿನಲ್ಲಿ ‘ಬಿಬ್ಲಿಯೋಥೆಕಾ ಕರ್ನಾಟಿಕಾ’ ಆರಂಭವಾಯಿತು. ಅದರ ಸಂಪಾದಕರು ಮೋಗ್ಲಿಂಗರು. ಪಾಠಪರಿಶೋಧನದಲ್ಲಿ ಅವರಿಗೆ ನೆರವಾದವರು ವೈಗ್ಲೆ. ವೆಚ್ಚಕ್ಕೆ ಹಣವಿತ್ತವರು ಕೇತಿಯ ಕ್ಯಾಸಮೇಜರ್. ಈ ಮಾಲೆಯಲ್ಲಿ ‘ಜೈಮಿನಿ ಭಾರತ’ವೂ ‘ಬಸವ ಪುರಾಣ’ವೂ ದಾಸರ ಪದಗಳೂ ಮುದ್ರಣವನ್ನು ಕಂಡುವು. ಓಲೆಗರಿಯಲ್ಲಿಯೂ ಗಮಕಿಗಳ ಕಂಠದಲ್ಲಿಯೂ ಇದ್ದ ಕಾವ್ಯಗಳು ಪುಸ್ತಕರೂಪದಲ್ಲಿ ಕೈಗೆ ಸಿಗುವುದಕ್ಕೆ ಇದು ಪ್ರಥಮ ಯತ್ನಗಳಲ್ಲಿ ಒಂದೆಂಬುದು ವಾಚಕರಿಗೆ ವಿದಿತವೇ ಇದೆ.

ವೈಗ್ಲೆಯವರು ಅಸ್ವಸ್ಥರಾಗಿ ಕೇತಿಗೆ ಹೋಗದೆ ಇದ್ದಿದ್ದರೆ ಮಂಗಳೂರಿನ ಬಳಗಕ್ಕೂ ಕ್ಯಾಸಮೇಜರ್ ಅವರಿಗೂ ಅಷ್ಟು ನಿಕಟವಾದ ಸಂಬಂಧ ಬೆಳೆಯುತ್ತಿದ್ದಿತೇ ಎಂಬುದು ಊಹೆಗೆ ಬಿಟ್ಟ ವಿಷಯ. ಆದರೆ ಬೆಳೆದ ಸಂಬಂಧದಿಂದ ಕನ್ನಡಕ್ಕಾದ ಲಾಭ ಊಹೆಯಲ್ಲ. ಕ್ಯಾಸಮೇಜರ್ ೧೮೪೯ರಲ್ಲಿ ತೀರಿಕೊಂಡರು. ವೀರಶೈವರ ಪುರಾಣವನ್ನೂ ವೈಷ್ಣವದಾಸರ ಕೀರ್ತನೆಗಳನ್ನೂ ಅಚ್ಚುಮಾಡಿಸಲು ಒಬ್ಬ ಕ್ರೈಸ್ತ ಭಕ್ತರು ತಮ್ಮ ಸ್ವಂತ ದ್ರವ್ಯವನ್ನು ವ್ಯಯಮಾಡಿದುದು ಮರೆಯಬಾರದ ಸಂಗತಿ.

೫

ಈಗ ಮೋಗ್ಲಿಂಗರ ವಿಷಯ. ಅವರು ೧೮೧೧ರ ಮೇ ೨೯ರಂದು ವ್ಯುರ್ಟೆಂಬರ್ಗಿನ ಬ್ರಾಕೆನ್‌ಹೈಮ್ ಎಂಬ ಊರಿನಲ್ಲಿ ಹುಟ್ಟಿದರು. ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯದಲ್ಲಿ ಧರ್ಮಶಾಸ್ತ್ರವನ್ನು ವ್ಯಾಸಂಗಮಾಡಿ, ೧೮೩೬ರ ಕೊನೆಯಲ್ಲಿ ಮಂಗಳೂರಿಗೆ ಬಂದರು. ಶಾಲೆ, ಉಪದೇಶಕರ ವಿದ್ಯಾಲಯ, ಪತ್ರಿಕೆ, ಗಾದೆಗಳ ಸಂಗ್ರಹ, ಕಾವ್ಯಗಳ ಸಂಪಾದನೆ ಎಲ್ಲವನ್ನೂ ಅವರು ಹದಿನೈದು ವರ್ಷಗಳೊಳಗೆ ಕೈಗೊಂಡರು. ೧೮೪೪ರ ಜನವರಿಯಲ್ಲಿ ಅವರ ಶಿಷ್ಯನಾದ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಬ್ರಾಹ್ಮಣ ಯುವಕನು ಕ್ರೈಸ್ತದೀಕ್ಷೆಯನ್ನು ಪಡೆದು, ಗುರುವಿನ ಹೆಸರನ್ನೇ ಸ್ವೀಕರಿಸಿ ಹರ್ಮನ್ ಆನಂದರಾವ್ ಕೌಂಡಿನ್ಯನೆನಿಸಿದನು. ೧೮೪೬ರಿಂದ ೧೮೫೧ರ ವರೆಗೆ ಬಾಸೆಲಿನಲ್ಲಿ ಓದಿ, ಸಭಾಪಾಲಕನಾಗಿ ನೇಮಕಗೊಂಡು ಸ್ವದೇಶಕ್ಕೆ ಮರಳಿದನು.

ಇಷ್ಟು ಕೆಲಸದ ಭಾರವನ್ನು ಹೊತ್ತ ಮೋಗ್ಲಿಂಗರ ದೇಹ ೧೮೫೨ರ ಹೊತ್ತಿಗೆ ಸೋತಿದ್ದಿತು. ಯುರೋಪಿಗೆ ಹಿಂದಿರುಗುವುದೇ ಉಚಿತವೆಂದು ಗೊತ್ತಾಗಿ, ಪ್ರಯಾಣದ ಸಿದ್ಧತೆ ನಡೆದಿದ್ದಿತು. ಅದೇ ವೇಳೆಗೆ ಕೊಡಗಿನಿಂದ ಒಬ್ಬ ಸನ್ಯಾಸಿ ಅವರನ್ನು ಅರಸಿಕೊಂಡು ಬಂದನು. ಇವನು ಆಲ್ಮಂಡ ಒಕ್ಕದ ಸೋಮಯ್ಯ ಎಂಬ ಕೊಡವನು. ಕ್ರೈಸ್ತಮತವನ್ನು ತಿಳಿಯಬೇಕೆಂದೂ, ತನ್ನ ನಾಡಿಗೆ ಬಂದು ತನ್ನವರಿಗೂ ಬೋಧಿಸಬೇಕೆಂದೂ ಅವನು ಬೇಡಿಕೊಂಡನು.

ಕೊಡಗು ೧೮೩೪ರಲ್ಲಿ ಚಿಕ್ಕವೀರರಾಜನ ಪದಚ್ಯುತಿಯೊಡನೆ ಕಂಪೆನಿಯ ಸ್ವಾಧೀನಕ್ಕೆ ಬಂದ ದೇಶ. ೧೮೩೭ರಲ್ಲಿ ಕಲ್ಯಾಣಪ್ಪನ ಕಾಟಕಾಯಿಯೆಂದು ಹೆಸರಾದ ದಂಗೆ ಕೊಡಗಿನ ಕಡೆಯಿಂದಲೇ ಇಳಿದುಬಂದು ಮಂಗಳೂರನ್ನು ಮುಟ್ಟಿದ್ದಿತು. ಮಂಗಳೂರಿಗೆ ಬಂದು ಕೆಲವೇ ತಿಂಗಳಾಗಿದ್ದ ಮೋಗ್ಲಿಂಗರು ಆಗಲೇ ಆ ನಾಡಿನ ಹೆಸರನ್ನು ಕೇಳಿದವರು. ಆದರೆ ಅಲ್ಲಿ ಮಿಶನ್ನಿನ ಠಾಣ್ಯವಿರಲಿಲ್ಲ. ಹೊಸದೊಂದನ್ನು ತೆರೆಯಲು ಬಾಸೆಲಿನ ಆಡಳಿತ ಮಂಡಲಿಯ ಅಪ್ಪಣೆಯೂ ಇರಲಿಲ್ಲ. ರೋಗಿಯಾದವನು ಹಡಗು ಹತ್ತುವುದನ್ನು ಬಿಟ್ಟು ಘಟ್ಟ ಹತ್ತುವುದು ಲೌಕಿಕ ವಿವೇಕಕ್ಕೆ ಒಪ್ಪುವ ಮಾತಲ್ಲ. ಮೋಗ್ಲಿಂಗರು ಆ ಕರೆಯನ್ನು ದೇವರ ಕರೆಯೆಂದು ತಿಳಿದರು, ಪ್ರಯಾಣವನ್ನು ಕೈಬಿಟ್ಟರು. ೧೮೫೩ರಲ್ಲಿ ಸೋಮಯ್ಯನಿಗೆ ಸ್ತೆಫಾನನೆಂಬ ಹೆಸರಿನಿಂದ ದೀಕ್ಷೆಯಾಯಿತು. ಅದೇ ವರ್ಷ ಮೋಗ್ಲಿಂಗರು ಕೊಡಗಿನಲ್ಲಿ ನೆಲೆಸಿದರು.

ಈ ಪ್ರಸಂಗದಲ್ಲಿ ಯಾರು ಯಾರಿಗೆ ಸ್ಫೂರ್ತಿಯಾದರೆಂಬುದನ್ನು ಸರಿಯಾಗಿ ನೋಡಬೇಕು. ಸಾಮಾನ್ಯವಾಗಿ ಮಿಶನ್ನಿನ ಕಥೆಗಳಲ್ಲಿ ಪಾದ್ರಿಯೇ ದಾತ, ಶಿಷ್ಯನು ಪ್ರತಿಗ್ರಾಹಿ. ಇಲ್ಲಿ ಕ್ರಮ ತಿರುವುಮುರುವಾಗಿದೆ. ಹೊರಟು ನಿಂತ ರೋಗಿಯನ್ನು ನಿಲ್ಲಿಸಿದವನು ಕನ್ನಡ ಬಲ್ಲ ಒಬ್ಬ ಕೊಡವ ಸನ್ಯಾಸಿ. ಅವನು ಅದಕ್ಕಾಗಿ ತೆತ್ತ ಬೆಲೆಯೂ ಅಲ್ಪವಲ್ಲ; ಒಕ್ಕದವರೂ ನಾಡಿನವರೂ ಅವನನ್ನು ಹೊರಗಿಟ್ಟರು. ಪೂರ್ವಜರ ಮನೆಯೇ ಸರ್ವಸ್ವವೆಂದು ತಿಳಿಯುವ ಕೊಡವರಲ್ಲಿ ಒಕ್ಕದಿಂದ ಹೊರಗಾಗುವುದೆಂದರೆ ಬದುಕಿರುವಾಗಲೇ ಬಳಗವನ್ನು ಕಳೆದುಕೊಂಡಂತೆ. ರೋಗಿಯ ದೃಢತೆ ಶಿಷ್ಯನನ್ನು ನಿಲ್ಲಿಸಿತೋ, ಶಿಷ್ಯನ ದೃಢತೆ ರೋಗಿಯನ್ನು ನಿಲ್ಲಿಸಿತೋ ಎಂದು ವಿಂಗಡಿಸುವುದು ಕಷ್ಟ. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ನಿಂತರೆಂದೇ ಹೇಳಬೇಕಾಗಿದೆ.

೬

ಕೊಡಗಿಗೆ ಹೋದುದರ ಫಲವೇನಾಯಿತೆಂಬುದನ್ನು ಕಾಲಕ್ರಮದಲ್ಲಿ ನೋಡಬಹುದು. ೧೮೫೫ರಲ್ಲಿ ಮೋಗ್ಲಿಂಗರ ‘ಕೂರ್ಗ್ ಮೆಮೊಯಿರ್ಸ್’ ಎಂಬ ಇಂಗ್ಲಿಷ್ ಗ್ರಂಥ ಬೆಂಗಳೂರಿನಲ್ಲಿ ಅಚ್ಚಾಯಿತು. ಕೊಡಗಿನ ಜನ, ಆಚಾರ, ಅರಸರ ಇತಿಹಾಸ ಇವುಗಳನ್ನು ಕುರಿತ ಮುದ್ರಿತ ಆಧಾರಗಳಲ್ಲಿ ಇದು ಬಹು ಮುಖ್ಯವಾದದ್ದು. ದೊಡ್ಡವೀರರಾಜೇಂದ್ರನು ಕನ್ನಡದಲ್ಲಿ ಬರೆಯಿಸಿದ ‘ರಾಜೇಂದ್ರನಾಮೆ’ ೧೮೫೭ರಲ್ಲಿ ಅವರ ಮೂಲಕ ಮಂಗಳೂರಿನಲ್ಲಿ ಮುದ್ರಣವಾಯಿತು. ಗದ್ಯದಲ್ಲಿ ರಚಿತವಾದ ಕನ್ನಡ ರಾಜಚರಿತ್ರೆಗಳು ಎಷ್ಟು ವಿರಳವೆಂಬುದನ್ನು ಬಲ್ಲವರು ಇದರ ಮಹತ್ವವನ್ನು ಗ್ರಹಿಸಬಲ್ಲರು. ಮಡಿಕೇರಿಯಲ್ಲಿ ಇಂಗ್ಲಿಷ್ ಶಾಲೆ ಬೆಳೆಯಿತು. ಅದರ ಮುಖ್ಯೋಪಾಧ್ಯಾಯರಾಗಿ ಬಂದ ರಿಕ್ಟರರು ೧೮೭೦ರಲ್ಲಿ ಕೊಡಗಿನ ಕೈಪಿಡಿಯನ್ನು ರಚಿಸಿದರು.

ಇನ್ನೊಂದು ಫಲ ಆನಂದಪುರ. ಕೊಡಗಿನ ಮನೆತನಗಳ ಗದ್ದೆಗಳಲ್ಲಿ ತಲೆಮಾರುಗಳಿಂದ ಜೀತಕ್ಕೆ ದುಡಿಯುತ್ತಿದ್ದ ದಲಿತರಲ್ಲಿ ಕೆಲವರು ಮೋಗ್ಲಿಂಗರ ಕಡೆಗೆ ಬಂದರು. ಅವರಿಗಾಗಿ ಏರ್ಪಟ್ಟ ಊರು ಇದು. ಇದರಲ್ಲಿ ಮೋಗ್ಲಿಂಗರ ಜೊತೆಗಾರನು ಶಿಷ್ಯನಾದ ಕೌಂಡಿನ್ಯನೇ. ಸಾರಸ್ವತ ಬ್ರಾಹ್ಮಣ ಕುಲದಲ್ಲಿ ಹುಟ್ಟಿದವನು ಜೀತದಾಳುಗಳ ನಡುವೆ ಹೋಗಿ ನೆಲ ಕಡಿಸಿ ಊರು ಕಟ್ಟಿದುದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ. ಅಲ್ಲಿಗೆ ಬಂದವರೆಲ್ಲರನ್ನೂ ಎಳೆದುದು ಶುದ್ಧವಾದ ಮತಜಿಜ್ಞಾಸೆಯೇ ಎಂದು ಹೇಳುವುದಕ್ಕಾಗದು; ದಾಸ್ಯದಿಂದ ಬಿಡುಗಡೆ, ಸ್ವಂತ ಗುಡಿಸಲು, ಮಕ್ಕಳಿಗೆ ಅಕ್ಷರ ಇವೂ ಪ್ರಬಲವಾದ ಕಾರಣಗಳು. ಹಾಗೆ ಹೇಳುವುದರಿಂದ ಅವರ ವಿಶ್ವಾಸಕ್ಕೆ ಕುಂದೇನೂ ಬರುವುದಿಲ್ಲ. ದಾಸ್ಯದಲ್ಲಿದ್ದವನಿಗೆ ಬಿಡುಗಡೆಯ ಸುವಾರ್ತೆ ಅನ್ನದಿಂದಲೂ ನೆಲದಿಂದಲೂ ಬೇರೆಯಾಗಿ ಕೇಳಿಸಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ.

ಮೂರನೆಯ ಫಲ ಕನ್ನಡ ಪಂಡಿತರಿಗೆ ಹೆಚ್ಚು ಸಮೀಪವಾದದ್ದು. ಫರ್ಡಿನಂಡ್ ಕಿಟ್ಟೆಲರು ಕನ್ನಡ ನಾಡಿಗೆ ಬಂದುದು ೧೮೫೩ರಲ್ಲಿ, ಮೋಗ್ಲಿಂಗರು ಕೊಡಗಿಗೆ ಹೋದ ವರ್ಷದಲ್ಲಿಯೇ. ಧಾರವಾಡ, ಮಂಗಳೂರುಗಳಲ್ಲಿ ಕೆಲಸಮಾಡಿದ ಅವರು ೧೮೭೦ರ ದಶಕದ ಪೂರ್ವಾರ್ಧದಲ್ಲಿ ಮಡಿಕೇರಿಯಲ್ಲಿದ್ದರು. ‘ಇಂಡಿಯನ್ ಆಂಟಿಕ್ವೆರಿ’ಗೆ ಆ ಕಾಲದಲ್ಲಿ ಅವರು ಬರೆದ ಲೇಖನಗಳಲ್ಲಿ ಮಡಿಕೇರಿಯ ಹೆಸರಿದೆ. ‘ಶಬ್ದಮಣಿದರ್ಪಣ’ದ ಅವರ ಆವೃತ್ತಿ ೧೮೭೨ರಲ್ಲಿಯೂ, ಕನ್ನಡ ಸಾಹಿತ್ಯಚರಿತ್ರೆಯ ದೀರ್ಘ ಪೀಠಿಕೆಯೊಡನೆ ನಾಗವರ್ಮನ ಛಂದಸ್ಸಿನ ಆವೃತ್ತಿ ೧೮೭೫ರಲ್ಲಿಯೂ ಹೊರಬಂದುವು. ೧೮೫೨ರಲ್ಲಿ ಮೋಗ್ಲಿಂಗರು ಹಡಗು ಹತ್ತಿದ್ದರೆ ಮಡಿಕೇರಿಯಲ್ಲಿ ಕಿಟ್ಟೆಲರು ಕುಳಿತು ಬರೆಯುವ ಮನೆಯೊಂದು ಆ ವೇಳೆಗೆ ಇರುತ್ತಿದ್ದಿತೆಂದು ಹೇಳುವುದು ಕಷ್ಟ. ನಾಗವರ್ಮನ ಛಂದಸ್ಸನ್ನು ಪಾಠಮಾಡುವ ಅಧ್ಯಾಪಕರು ಈ ಸಣ್ಣ ಸಂಬಂಧವನ್ನು ನೆನೆಯಬಹುದು.

೭

ಮೋಗ್ಲಿಂಗರು ಕೊಡಗಿನಲ್ಲಿದ್ದಾಗ, ೧೮೫೫ರಲ್ಲಿ, ವೈಗ್ಲೆಯವರು ತೀರಿಕೊಂಡರು. ಆಗ ಅವರಿಗೆ ನಲವತ್ತು ತುಂಬಿರಲಿಲ್ಲ. ಕನ್ನಡ ಬೈಬಲಿನ ಭಾಷಾಂತರವನ್ನು ತಿದ್ದಿ ಹದಗೊಳಿಸುವ ಕೆಲಸದಲ್ಲಿ ಅವರು ಮಗ್ನರಾಗಿದ್ದರು. ಬಳ್ಳಾರಿಯಲ್ಲಿ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಮೊದಲಾದವರ ಪರಿಶ್ರಮದಿಂದ ೧೮೩೧ರ ವೇಳೆಗೆ ಮುಗಿದಿದ್ದ ಮೊದಲ ಭಾಷಾಂತರಕ್ಕೆ ಕನ್ನಡದ ಜಾಯಮಾನವನ್ನು ಹೆಚ್ಚಾಗಿ ತರಬೇಕೆಂಬುದು ಆ ತಲೆಮಾರಿನವರ ಆಶೆ. ವೈಗ್ಲೆಯವರು ಆ ಕೆಲಸದ ನಡುವಿನಲ್ಲಿಯೇ ಹೋದರು. ಇತರರು ಅದನ್ನು ಮುಂದುವರಿಸಿದರು. ಮುಗಿದ ಗ್ರಂಥಕ್ಕಷ್ಟೇ ಕೀರ್ತಿಯನ್ನು ಕೊಡುವ ನಮ್ಮ ಪದ್ಧತಿಯಲ್ಲಿ ಇಂತಹವರ ಹೆಸರು ಹಿಂದೆ ಬೀಳುವುದು ಸಹಜ.

ವೈಗ್ಲೆಯವರ ಪತ್ನಿ ಪೌಲಿನೆ. ೧೮೫೬ರಲ್ಲಿ ಮೋಗ್ಲಿಂಗರು ಈ ವಿಧವೆಯನ್ನು ವಿವಾಹವಾದರು. ಕೆಲವೇ ವರ್ಷಗಳಲ್ಲಿ ಆಕೆಯ ಆರೋಗ್ಯ ಕೆಟ್ಟಿತು. ತನ್ನ ದೇಹಕ್ಕಾಗಿ ೧೮೫೨ರಲ್ಲಿ ಹಡಗು ಹತ್ತದವರು ಪತ್ನಿಯ ದೇಹಕ್ಕಾಗಿ ೧೮೬೦ರಲ್ಲಿ ಹಡಗು ಹತ್ತಿದರು. ಇದನ್ನು ವಿಶ್ವಾಸದ ಸೋಲೆಂದು ಬಗೆಯಲಾಗದು. ತನ್ನ ಜೀವವನ್ನು ಪಣ ಒಡ್ಡುವ ಹಕ್ಕು ಮನುಷ್ಯನಿಗೆ ಇರಬಹುದು. ಇನ್ನೊಬ್ಬರ ಜೀವವನ್ನು ಒಡ್ಡುವ ಹಕ್ಕು ಇಲ್ಲವೆಂಬ ವಿವೇಕ ಇಲ್ಲಿ ಕಾಣುತ್ತದೆ. ಮೋಗ್ಲಿಂಗರು ಮತ್ತೆ ಕನ್ನಡ ನಾಡನ್ನು ನೋಡಲಿಲ್ಲ.

ಆದರೆ ಕನ್ನಡ ಅವರನ್ನು ಬಿಡಲಿಲ್ಲ. ೧೮೫೮ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯ ಅವರಿಗೆ ಗೌರವ ಡಾಕ್ಟರ್ ಪದವಿಯನ್ನಿತ್ತಿದ್ದಿತು. ೧೮೬೦ರಿಂದ ಮೊದಲುಗೊಂಡು ಜರ್ಮನ್ ಪೌರಸ್ತ್ಯ ವಿದ್ವಾಂಸರ ಪತ್ರಿಕೆಯಲ್ಲಿ, ಅಂದರೆ ಹನ್ನೆರಡು ವರ್ಷಗಳ ಹಿಂದೆ ವೈಗ್ಲೆಯವರು ಬರೆದಿದ್ದ ಪತ್ರಿಕೆಯಲ್ಲಿಯೇ, ಅವರು ದಾಸರ ಪದಗಳನ್ನು ಜರ್ಮನ್ ಭಾಷೆಗೆ ತಿರುಗಿಸಿ ಪ್ರಕಟಿಸತೊಡಗಿದರು; ಮುಂದೆ ‘ಜೈಮಿನಿ ಭಾರತ’ದ ಭಾಗಗಳನ್ನೂ ಪರಿಚಯಿಸಿದರು. ೧೮೬೬ರಲ್ಲಿ ಕೊಡಗು ದೇಶವನ್ನೂ ಅಲ್ಲಿಯ ಮಿಶನ್ನನ್ನೂ ಕುರಿತ ಜರ್ಮನ್ ಗ್ರಂಥ, ವೈಟ್‌ಬ್ರೆಕ್ಟರ ಸಹಯೋಗದಿಂದ ಹೊರಬಂದಿತು. ೧೮೮೧ರ ಮೇ ೧೦ರಂದು ಎಸ್ಲಿಂಗೆನ್ ಎಂಬ ಊರಿನಲ್ಲಿ ಅವರು ದೈವಾಧೀನರಾದರು. ಕೌಂಡಿನ್ಯನು ಅವರಿಗಿಂತ ಹನ್ನೆರಡು ವರ್ಷ ಹೆಚ್ಚಾಗಿ ಬಾಳಿ ೧೮೯೩ರಲ್ಲಿ ಗತಿಸಿದನು. ಕಿಟ್ಟೆಲರ ನಿಘಂಟು ಅದರ ಮರುವರ್ಷ ಹೊರಬಂದಿತು.

೮

ಇಷ್ಟರಿಂದ ಯಾವ ಸಿದ್ಧಾಂತಕ್ಕೆ ಬರಬಹುದು? ರೋಗವೇ ಕನ್ನಡ ಸೇವೆಗೆ ಕಾರಣವಾಯಿತೆಂದು ಹೇಳುವುದು ಅತಿವ್ಯಾಪ್ತಿಯಾದೀತು. ಕಾಯಿಲೆಬಿದ್ದವರಲ್ಲಿ ಬಹುಮಂದಿ ಯಾವ ಗ್ರಂಥವನ್ನೂ ಬಿಡದೆ ತೀರಿಕೊಂಡರು. ಅನೇಕರ ಪತ್ನಿಯರೂ ಎಳೆಯ ಮಕ್ಕಳೂ ಮಂಗಳೂರು, ಧಾರವಾಡಗಳ ಸ್ಮಶಾನಗಳಲ್ಲಿ ಒರಗಿದ್ದಾರೆ. ಉಳಿದು ಬರೆದವರನ್ನು ಮಾತ್ರ ನೋಡಿ, ಸಂಕಟವೆಲ್ಲವೂ ಒಳಿತಿಗೇ ಆಯಿತೆಂದು ತೀರ್ಮಾನಿಸಿದರೆ, ಉಳಿಯದವರಿಗೆ ಅನ್ಯಾಯ ಮಾಡಿದಂತಾಗುತ್ತದೆ. ಆನಂದರಾವ್ ಕೌಂಡಿನ್ಯನ ದೀಕ್ಷೆಯ ತರುವಾಯ ಅವನ ಮೊದಲ ಪತ್ನಿ ಅವನೊಡನೆ ಬರಲಿಲ್ಲ. ಆಕೆಯ ನೋವೂ ಈ ಚರಿತ್ರೆಗೆ ಸೇರಿದ್ದೇ. ಸೋಮಯ್ಯನ ಮನೆಯವರದೂ ಅಷ್ಟೇ.

ಮೋಗ್ಲಿಂಗರು ೧೮೫೨ರ ಸಂದರ್ಭವನ್ನು ದೇವರ ಸಂಕಲ್ಪವೆಂದು ತಿಳಿದರು. ಚರಿತ್ರಕಾರನಿಗೆ ಅದನ್ನು ಸಾಧಿಸುವ ಸಾಧನವೂ ಇಲ್ಲ, ನಿರಾಕರಿಸುವ ಸಾಧನವೂ ಇಲ್ಲ. ಆದರೆ ಹಾಗೆ ತಿಳಿದುದರಿಂದಲೇ ಅವರು ನಿಂತರೆಂಬುದು ಚಾರಿತ್ರಿಕ ಸತ್ಯ. ನಂಬಿಕೆಯ ವಿಷಯ ಪ್ರಮಾಣಕ್ಕೆ ಸಿಕ್ಕದೆ ಇದ್ದರೂ ನಂಬಿಕೆಯ ಪರಿಣಾಮ ಪ್ರಮಾಣಕ್ಕೆ ಸಿಕ್ಕುತ್ತದೆ. ‘ಕೂರ್ಗ್ ಮೆಮೊಯಿರ್ಸ್’, ‘ರಾಜೇಂದ್ರನಾಮೆ’, ಮಡಿಕೇರಿಯ ಶಾಲೆ, ಆನಂದಪುರ ಇವೇ ಆ ಪ್ರಮಾಣಗಳು.

ಈ ಮನೋಧರ್ಮ ಕನ್ನಡ ನಾಡಿಗೆ ಹೊಸದೂ ಅಲ್ಲ. ಸಮಂತಭದ್ರಾಚಾರ್ಯರನ್ನು ಕುರಿತ ಜೈನ ಐತಿಹ್ಯವನ್ನು ವಾಚಕರು ಬಲ್ಲರು; ದೇವಚಂದ್ರನ ‘ರಾಜಾವಳಿ ಕಥೆ’ಯಲ್ಲಿಯೂ ಅದು ಬಂದಿದೆ. ಭಸ್ಮಕವ್ಯಾಧಿಯಿಂದ ಪೀಡಿತರಾದ ಆಚಾರ್ಯರು ಸಲ್ಲೇಖನಕ್ಕೆ ಅಪ್ಪಣೆ ಬೇಡಿದಾಗ ಗುರುಗಳು ಅದನ್ನು ಕೊಡಲಿಲ್ಲ. ಅವರಿಂದ ಧರ್ಮಕ್ಕೆ ಆಗಬೇಕಾದ ಕಾರ್ಯ ಇನ್ನೂ ಉಳಿದಿದೆಯೆಂದು ಬದುಕಲು ವಿಧಿಸಿದರು. ವ್ಯಾಧಿಯ ನಡುವೆ ಕರ್ತವ್ಯ ಇನ್ನೂ ತೀರಲಿಲ್ಲವೆಂಬ ಅರಿವೇ ಅಲ್ಲಿ ಮುಖ್ಯವಾದದ್ದು. ದೇವಚಂದ್ರನು ಕನಕಗಿರಿಯಲ್ಲಿ ಈ ಕಥೆಯನ್ನು ಬರೆದಿಟ್ಟ ಕಾಲವೂ ಮೋಗ್ಲಿಂಗರು ಮಂಗಳೂರಿಗೆ ಬಂದ ಕಾಲವೂ ಒಂದಕ್ಕೊಂದು ದೂರವಲ್ಲ. ಒಬ್ಬರನ್ನೊಬ್ಬರು ಅರಿಯದ ಎರಡು ಮತಗಳ ಜನರು ರೋಗಶಯ್ಯೆಯ ಪಕ್ಕದಲ್ಲಿ ಕೇಳಿಕೊಂಡ ಪ್ರಶ್ನೆ ಒಂದೇ: ಇನ್ನು ಮಾಡಬೇಕಾದುದೇನು?

ಮಂಗಳೂರಿನ ಬಳಗ ಆ ಪ್ರಶ್ನೆಗೆ ಕೊಟ್ಟ ಉತ್ತರದಲ್ಲಿ ಒಂದು ಭಾಗ ಅವರ ಸ್ವಂತ ಮತಕ್ಕೆ ಸೇರಿದ್ದು. ಅದನ್ನು ಒಪ್ಪುವುದೂ ಬಿಡುವುದೂ ಅವರವರ ಇಚ್ಛೆ. ಇನ್ನೊಂದು ಭಾಗ ಕನ್ನಡಿಗರೆಲ್ಲರಿಗೂ ಸೇರಿದ್ದು. ‘ಬಿಬ್ಲಿಯೋಥೆಕಾ ಕರ್ನಾಟಿಕಾ’ದ ಕಲ್ಲಚ್ಚಿನ ಪುಟಗಳು ಇಂದು ಹಳದಿಯಾಗಿವೆ, ಅವುಗಳ ಪಾಠಗಳನ್ನು ಮೀರಿಸಿದ ಪರಿಷ್ಕರಣಗಳು ಅನೇಕ ಬಂದಿವೆ. ಆದರೂ ಆ ಸಂಪುಟಗಳ ಚರಿತ್ರೆಯನ್ನು ಹೇಳುವವರು ಸಂಪಾದಕರ ಹೆಸರನ್ನೂ ಮುದ್ರಣದ ವರ್ಷವನ್ನೂ ಹೇಳಿ ನಿಲ್ಲದೆ, ಕೇತಿಯ ಕಣಿವೆಯನ್ನೂ, ಹಣವಿತ್ತ ಭಕ್ತನನ್ನೂ, ಹಡಗಿಗೆ ಹೊರಟು ನಿಂತಿದ್ದ ರೋಗಿಯ ಬಳಿಗೆ ಕೊಡಗಿನಿಂದ ಬಂದ ಸನ್ಯಾಸಿಯನ್ನೂ ಸೇರಿಸಿ ಹೇಳಿದರೆ ಆ ಚರಿತ್ರೆ ಹೆಚ್ಚು ಪೂರ್ಣವಾಗುವುದು.